ಅಗ್ಗದ ಗಿಟಾರ್, ದುಬಾರಿ ಗಿಟಾರ್: ಎದುರು ಕೂತು ಕೇಳುವವರಿಗೆ ಗೊತ್ತಾಗುತ್ತಾ?

ತಂತಿಮೀಟು:

ಸುಗಮ ಸಂಗೀತಕ್ಕೆ ಅಕೌಸ್ಟಿಕ್ ಗಿಟಾರ್ ಸಾಥ್. ಅರ್ಧ ಕೆಲಸ ಮನೆಯಲ್ಲೇ ಮೈಕ್ ಇಟ್ಟು ರೆಕಾರ್ಡಿಂಗ್, ಇನ್ನರ್ಧ ವೇದಿಕೆ ಮೇಲೆ ಪಿಕಪ್ (ಗಿಟಾರ್‌ನ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಹಾಕಿ. ಸದ್ಯ ಇರುವುದು ಲ್ಯಾಮಿನೇಟ್ ಟಾಪ್‌ನ (ಮುಂಭಾಗದ ಹಲಗೆ ತೆಳು ಪದರಗಳನ್ನು ಅಂಟಿಸಿ ಮಾಡಿದ್ದು) ಯಮಹಾ ಎಫ್310. ಇದಕ್ಕೂ ಮಾರ್ಟಿನ್ ಡಿ-28 ತರಹದ ಲಕ್ಷಗಟ್ಟಲೆ ಬೆಲೆಯ ಗಿಟಾರ್‌ಗೂ ಇರುವ ವ್ಯತ್ಯಾಸ ನುಡಿಸುವ ಕೈಗೆ ತಿಳಿಯುತ್ತೆ, ಅದರಲ್ಲಿ ಎರಡು ಮಾತಿಲ್ಲ. ನನ್ನ ಪ್ರಶ್ನೆ ಕೇಳುವವರ ಬಗ್ಗೆ. ಗಿಟಾರ್ ಕಣ್ಣಿಗೆ ಬೀಳದಿದ್ದರೆ ಅವರಿಗೆ ಯಾವುದು ಯಾವುದು ಅಂತ ಗೊತ್ತಾಗುತ್ತಾ? ಯೂಟ್ಯೂಬ್‌ನ ಹೋಲಿಕೆ ವಿಡಿಯೊ ನಂಬಬಹುದಾ? ನಾವೇ ಪರೀಕ್ಷೆ ಮಾಡಬೇಕಾದರೆ ಹೇಗೆ ಮಾಡಬೇಕು?

ಬೀಟೆಮರ:

ಇದಕ್ಕೆ ಹತ್ತಿರದ ಒಂದು ಒಳ್ಳೆಯ ಅಧ್ಯಯನ 2018ರಲ್ಲಿ ಪ್ರಕಟವಾಗಿದೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರಿಗಾಗಿ ಫೈಲ್ಡ್ ಗಿಟಾರ್ಸ್‌ನ ರೋಜರ್ ಬಕ್ನಲ್ ಒಂದೇ ವಿನ್ಯಾಸದ 6 ಗಿಟಾರ್ ಮಾಡಿಕೊಟ್ಟರು. ಬ್ಯಾಕ್ ಮತ್ತು ಸೈಡಿನ ಮರ ಮಾತ್ರ ಬೇರೆ ಬೇರೆ: ಬ್ರೆಜಿಲ್ ರೋಸ್‌ವುಡ್, ಇಂಡಿಯನ್ ರೋಸ್‌ವುಡ್ ಅಂದರೆ ನಮ್ಮ ಬೀಟೆ, ಮಹಾಗನಿ, ಮೇಪಲ್, ಸಪೇಲಿ, ವಾಲ್‌ನಟ್. 52 ಮಂದಿ ಗಿಟಾರ್ ವಾದಕರು ಮಂದ ಬೆಳಕಿನಲ್ಲಿ ವೆಲ್ಡಿಂಗ್ ಕನ್ನಡಕ ಹಾಕಿಕೊಂಡು ನುಡಿಸಿ ಅಂಕ ಕೊಟ್ಟರು. ಆರಕ್ಕೂ ಹೆಚ್ಚುಕಡಿಮೆ ಒಂದೇ ಅಂಕ ಬಂತು.

ಮಾರ್ಟಿನ್ ಕಂಪನಿ ಬ್ರೆಜಿಲ್ ಮರ ಬಿಟ್ಟು ಬೀಟೆಗೆ ಬಂದಿದ್ದು 1969ರಲ್ಲಿ. ಹಳೇ ಮರದ ನಾದವೇ ಬೇರೆ ಅನ್ನುವ ಮಾತು ಅವತ್ತಿನಿಂದ ನಿಂತಿಲ್ಲ. ಕೊಡಗಿನಲ್ಲಿ, ಮಲೆನಾಡಿನಲ್ಲಿ ಬೆಳೆಯುವ ಈ ಮರವನ್ನು ಎರಡನೇ ದರ್ಜೆಯದ್ದು ಅನ್ನುವುದಕ್ಕೆ ಕಿವಿಯ ಸಾಕ್ಷಿ ಇಲ್ಲ. ಬ್ಯಾಕ್ ಮರದ ಹೆಸರು ನೋಡಿ ದುಡ್ಡು ಸುರಿಯಬೇಡಿ.

ಸೌಂಡ್‌ಬೋರ್ಡ್:

ಬೀಟೆಮರ ಅವರು ಹೇಳಿದ ಅಧ್ಯಯನ ನಿಜ, ಆದರೆ ಕೇಳಿರುವ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ಆ ಆರೂ ಒಬ್ಬ ನುರಿತ ಕುಶಲಕರ್ಮಿಯ ಕೈಯಲ್ಲಿ ತಯಾರಾದವು, ಅಗ್ಗದ ಗಿಟಾರ್ ಒಂದೂ ಇರಲಿಲ್ಲ. ಜೊತೆಗೆ ಅಂಕ ಕೊಟ್ಟವರು ನುಡಿಸಿದವರೇ, ಎದುರು ಕೂತವರಲ್ಲ.

ಅಗ್ಗದ್ದಕ್ಕೂ ದುಬಾರಿಯದ್ದಕ್ಕೂ ಕಿವಿಗೆ ಬೀಳುವ ವ್ಯತ್ಯಾಸ ಹುಟ್ಟುವುದು ಟಾಪ್‌ನಲ್ಲಿ. ಸಾಲಿಡ್ ಸ್ಪ್ರೂಸ್, ಅಂದರೆ ಪದರವಿಲ್ಲದ ಇಡೀ ಸ್ಪ್ರೂಸ್ ಮರದ ಹಲಗೆ, ಎಳೆಯುದ್ದಕ್ಕೆ ಬಿಗಿ, ತೂಕದಲ್ಲಿ ಹಗುರ. ಹಾಗಾಗಿ ತಂತಿಯ ಚೂರು ಶಕ್ತಿಗೂ ಅಲುಗುತ್ತೆ. ಲ್ಯಾಮಿನೇಟ್‌ನಲ್ಲಿ ನಡುವಿನ ಪದರದ ಎಳೆ ಅಡ್ಡಕ್ಕಿರುತ್ತೆ, ಪದರಗಳ ಮಧ್ಯೆ ಅಂಟು ಇರುತ್ತೆ. ಒಡೆದು ವಾಪಸ್ ಬರಬಾರದು ಅಂತ ಅಗ್ಗದ ಗಿಟಾರ್‌ಗೆ ಟಾಪ್‌ನ ಒಳಗಿನ ಆಧಾರದ ಪಟ್ಟಿಗಳನ್ನೂ ದಪ್ಪಗೆ ಕೊಟ್ಟು ಮೇಲೆ ದಪ್ಪ ಪಾಲಿಯೆಸ್ಟರ್ ಫಿನಿಶ್ ಬಳಿದಿರುತ್ತಾರೆ. ಇಷ್ಟೆಲ್ಲ ಸೇರಿ ಸದ್ದು ಕಡಿಮೆ, ಖರ್ಜ ಸಪ್ಪೆ.

ಡ್ರೆಡ್‌ನಾಟ್ (ದೊಡ್ಡ, ಅಗಲ ಮೈಯ) ಗಿಟಾರ್‌ನ ಒಳಗಿನ ಗಾಳಿಯ ಅನುರಣನೆ, ಅಂದರೆ ಅದು ತಾನಾಗಿ ಹೆಚ್ಚು ಕಂಪಿಸುವ ಆವರ್ತನ, 100 ಹರ್ಟ್ಸ್ ಆಸುಪಾಸು, ಟಾಪ್‌ನ ಮುಖ್ಯ ಅನುರಣನೆ 200 ಹರ್ಟ್ಸ್ ಆಸುಪಾಸು. ಒಳ್ಳೆಯ ಗಿಟಾರ್‌ನ ತುಂಬು ನಾದದ ದೊಡ್ಡ ಪಾಲು ಇಲ್ಲೇ ಇದೆ. ಮೊಬೈಲ್ ಸ್ಪೀಕರ್ ಈ ಭಾಗವನ್ನು ಸರಿಯಾಗಿ ಕೊಡುವುದೇ ಇಲ್ಲ. ವಿಡಿಯೊ ನೋಡಿ "ಎರಡೂ ಒಂದೇ" ಅನ್ನುವವರಲ್ಲಿ ಎಷ್ಟೋ ಮಂದಿ ಹೋಲಿಸುತ್ತಿರುವುದು ಬರೀ ತಂತಿಯ ಸದ್ದನ್ನು. ಇಯರ್‌ಫೋನ್ ಹಾಕಿ ಕೇಳಿ, ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ನನ್ನ ಅಭಿಪ್ರಾಯ: ಲ್ಯಾಮಿನೇಟ್‌ನಿಂದ ಸಾಲಿಡ್ ಟಾಪ್‌ಗೆ ಹೋದಾಗ ಗಮನವಿಟ್ಟು ಕೇಳುವವರಿಗೆ ಸಾಮಾನ್ಯವಾಗಿ ತಿಳಿಯುತ್ತೆ. ಅಲ್ಲಿಂದ ಮೇಲೆ ಬೆಲೆ ಹತ್ತು ಪಟ್ಟು ಏರಿದರೂ ಕೇಳುವವರ ಪಾಲಿಗೆ ಬರುವುದು ಸ್ವಲ್ಪವೇ. ಮಿಕ್ಕಿದ್ದು ನುಡಿಸುವವರ ಕೈಗೆ: ಮೆಲ್ಲಗೆ ಮೀಟಿದರೂ ಮಾತಾಡುವ ಗುಣ, ನೆಕ್‌ನ ನಯ, ಶ್ರುತಿ ನಿಲ್ಲುವುದು.

ಮಿಕ್ಸರ್‌ಮೇಜು:

ಪರೀಕ್ಷೆ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಎಡವುವುದು ಇಲ್ಲೇ.

ಎರಡೂ ಗಿಟಾರ್‌ಗೆ ಒಂದೇ ಕಂಪನಿಯ, ಒಂದೇ ಗೇಜಿನ (ಇಂಚಿನಲ್ಲಿ ಹೇಳುವ ದಪ್ಪದ) ಹೊಸ ತಂತಿ ಒಂದೇ ದಿನ ಹಾಕಿ; .012–.053 ಫಾಸ್ಫರ್ ಬ್ರಾಂಜ್ ಆದರೆ ಸಾಕು. ಹಳೇ ತಂತಿಯ ಸುತ್ತಿನೊಳಗೆ ಬೆವರು, ಕೊಳೆ ತುಂಬಿ ಮೇಲಿನ ಹಾರ್ಮೋನಿಕ್‌ಗಳು (ಮೂಲ ಸ್ವರದ ಜೊತೆ ಏಳುವ ಮೇಲಿನ ಸ್ವರಗಳು) ಸತ್ತುಹೋಗಿರುತ್ತವೆ. ಅಂಗಡಿಯಲ್ಲಿ ದುಬಾರಿ ಗಿಟಾರ್ "ಮಂಕು" ಅನ್ನಿಸಿದರೆ ಮೊದಲು ತಂತಿ ನೋಡಿ. ಪಿಕ್ ಕೂಡ ಒಂದೇ ಇರಲಿ. ಮೀಟುವ ಜಾಗಕ್ಕೆ ಟೇಪಿನ ಗುರುತು ಹಾಕಿ. 645 ಮಿ.ಮೀ. ಸ್ಕೇಲಿನ (ಕಂಪಿಸುವ ಉದ್ದದ) ಬಿಡಿ ತಂತಿಯನ್ನು ಸ್ಯಾಡಲ್‌ನಿಂದ (ಗಿಟಾರ್ ಮೈಮೇಲೆ ತಂತಿ ಕೂರುವ ಪಟ್ಟಿ) 129 ಮಿ.ಮೀ. ದೂರದಲ್ಲಿ ಮೀಟಿದರೆ 5ನೇ ಹಾರ್ಮೋನಿಕ್ ಏಳುವುದೇ ಇಲ್ಲ. ಕೈ 3 ಸೆಂ.ಮೀ. ಅತ್ತಿತ್ತ ಸರಿದರೆ ನಾದದ ಬಣ್ಣವೇ ಬೇರೆ. ಗಿಟಾರ್ ಬದಲಾಯಿಸಿದ್ದಕ್ಕಿಂತ ಹೆಚ್ಚಿನ ವ್ಯತ್ಯಾಸ ಎಷ್ಟೋ ಸಲ ಇದರಿಂದಲೇ ಬರುತ್ತೆ.

ಮೈಕ್ 12–14ನೇ ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಕಡೆಗೆ, 30 ಸೆಂ.ಮೀ. ದೂರದಲ್ಲಿ. ಅಂದಾಜು ಬೇಡ, ಟೇಪ್ ಹಿಡಿದು ಅಳೆಯಿರಿ. ಸೌಂಡ್ ಹೋಲ್ ಕಡೆಗೆ ತಿರುಗಿದರೆ ಖರ್ಜ ಗುಂಯ್‌ಗುಟ್ಟುತ್ತೆ, ಅದನ್ನೇ ಕೇಳುಗರು "ದುಬಾರಿ" ಅಂದುಬಿಡುತ್ತಾರೆ. ಪ್ರತಿ ಟೇಕ್‌ಗೂ ಮುಂಚೆ ಟ್ಯೂನರ್‌ನಲ್ಲಿ ಶ್ರುತಿ ನೋಡಿ.

ಒಂದೊಂದು ಗಿಟಾರ್‌ನಲ್ಲೂ ಅದೇ 20 ಸೆಕೆಂಡಿನ ತುಣುಕನ್ನು ಕನಿಷ್ಠ 3 ಟೇಕ್ ತೆಗೆಯಿರಿ. ಒಂದೇ ಟೇಕ್ ಇದ್ದರೆ ಕೇಳುಗರು ಗುರುತು ಹಿಡಿಯುವುದು ಗಿಟಾರನ್ನಲ್ಲ, ಎರಡನೇ ಬಾರ್‌ನಲ್ಲಿ ಬೆರಳು ಕೀಚ್ ಅಂದಿದ್ದನ್ನು. ಎಬಿಎಕ್ಸ್ (ಎ, ಬಿ ಎರಡನ್ನೂ ಕೇಳಿಸಿ, ಎಕ್ಸ್ ಅವುಗಳಲ್ಲಿ ಯಾವುದು ಅಂತ ಕೇಳುವ ಪರೀಕ್ಷೆ) ಮಾಡುವಾಗ ಎಕ್ಸ್‌ಗೆ ಯಾವಾಗಲೂ ಬೇರೆಯದೇ ಟೇಕ್ ಕೊಡಿ.

ಸದ್ದಿನ ಮಟ್ಟವನ್ನು 0.5 ಡೆಸಿಬಲ್‌ನೊಳಗೆ ಸರಿಹೊಂದಿಸಿ, ಚೂರು ಜೋರಾಗಿರುವುದು ಕಿವಿಗೆ "ಚೆನ್ನಾಗಿದೆ" ಅನ್ನಿಸಿಬಿಡುತ್ತೆ. ಆದರೆ ಒಂದು ತೊಡಕಿದೆ. ಒಂದೇ ಬಲಕ್ಕೆ ಹೆಚ್ಚು ಸದ್ದು ಕೊಡುವುದು ಒಳ್ಳೆಯ ಟಾಪ್‌ನ ನಿಜವಾದ ಗುಣ, ಸರಿಹೊಂದಿಸಿದರೆ ಅದು ಅಳಿಸಿಹೋಗುತ್ತೆ. ಅದಕ್ಕೆ ಎರಡು ಸುತ್ತು ಮಾಡಿ, ಒಂದು ಸರಿಹೊಂದಿಸಿ, ಇನ್ನೊಂದು ಹಾಗೇ ಬಿಟ್ಟು.

ಲೆಕ್ಕ: 16 ಸಲ ಕೇಳಿಸಿ, 12 ಅಥವಾ ಹೆಚ್ಚು ಸರಿ ಬಂದರೆ ಮಾತ್ರ ಗೊತ್ತಾಗುತ್ತಿದೆ ಅನ್ನಿ. ಸುಮ್ಮನೆ ಊಹಿಸಿದವರಿಗೆ ಅಷ್ಟು ಬರುವ ಸಾಧ್ಯತೆ ನೂರಕ್ಕೆ 4ರಷ್ಟು. 10ಕ್ಕೆ 7 ಬಂತು ಅಂತ ಹಿಗ್ಗಬೇಡಿ, ಅಷ್ಟು ಅಥವಾ ಹೆಚ್ಚು ಊಹೆಯಲ್ಲೂ ಆರರಲ್ಲಿ ಒಂದು ಸಲ ಬರುತ್ತೆ.

"ಎರಡೂ ಬೇರೆ" ಅಂತ ತಿಳಿಯುವುದೇ ಒಂದು, "ಇದೇ ದುಬಾರಿಯದ್ದು" ಅಂತ ಹೇಳುವುದೇ ಇನ್ನೊಂದು. ಇವನ್ನು ಬೇರೆ ಬೇರೆ ಕೇಳಿ. ಪ್ಯಾರಿಸ್ ಮತ್ತು ನ್ಯೂಯಾರ್ಕ್‌ನ ಸಭಾಂಗಣಗಳಲ್ಲಿ ಹೊಸ ಪಿಟೀಲುಗಳನ್ನು ಹೆಸರಾಂತ ಹಳೇ ಸ್ಟ್ರಾಡಿವೇರಿ ಪಿಟೀಲುಗಳ ಜೊತೆ ಇಟ್ಟು ಮಾಡಿದ ಪರೀಕ್ಷೆಯ ಫಲಿತಾಂಶ 2017ರಲ್ಲಿ ಬಂತು. ಕೇಳುಗರು ಒಟ್ಟಾರೆ ಹೊಸದನ್ನೇ ಮೆಚ್ಚಿದ್ದರು.

ಇನ್ನು ವೇದಿಕೆ. ಸ್ಯಾಡಲ್ ಕೆಳಗಿನ ಪೀಜೋ ಪಿಕಪ್ ಹಿಡಿಯುವುದು ತಂತಿಯ ಒತ್ತಡವನ್ನು. ಗಾಳಿಯಲ್ಲಿ ಹರಡುವ ಮರದ ನಾದ ಅದಕ್ಕೆ ಬಹುಪಾಲು ಸಿಗುವುದೇ ಇಲ್ಲ. ಹಾಗಾಗಿ ಪ್ಲಗ್ ಹಾಕಿದ ಮೇಲೆ ಅಗ್ಗದ್ದೂ ದುಬಾರಿಯದ್ದೂ ಅಕ್ಕಪಕ್ಕಕ್ಕೆ ಬಂದುಬಿಡುತ್ತವೆ. ಬ್ಯಾಟರಿ ಇಲ್ಲದ ಪಿಕಪ್ ಆಗಿದ್ದರೆ ನೇರ ಮಿಕ್ಸರ್‌ಗೆ ಚುಚ್ಚಬೇಡಿ, ಖರ್ಜ ಹೋಗಿ ತಗಡಿನ ಸದ್ದು ಬರುತ್ತೆ. 1 ಮೆಗಾಓಮ್ ಅಥವಾ ಹೆಚ್ಚಿನ ಇನ್‌ಪುಟ್ ಇಂಪಿಡೆನ್ಸ್ ಇರುವ ಪ್ರೀಆ್ಯಂಪ್ (ಪಿಕಪ್‌ನ ಸಂಕೇತವನ್ನು ಮಿಕ್ಸರ್‌ಗೆ ಹೊಂದಿಸುವ ಸಾಧನ) ಮಧ್ಯೆ ಬೇಕು. ನಿಮ್ಮ ಅರ್ಧ ಕೆಲಸಕ್ಕೆ ಗಿಟಾರ್‌ಗಿಂತ ಮೊದಲು ಇದಕ್ಕೆ ಖರ್ಚು ಮಾಡಿ.

ತಂತಿಮೀಟು:

ಎಲ್ಲರಿಗೂ ಧನ್ಯವಾದ. ಎಫ್310ನಲ್ಲಿ ಬಿಡಿ ತಂತಿ ಶ್ರುತಿಯಲ್ಲಿರುತ್ತೆ, ಆದರೆ ಎಫ್ ಕಾರ್ಡ್ ಹಿಡಿದರೆ ರೆಕಾರ್ಡಿಂಗ್‌ನಲ್ಲಿ ಸ್ವಲ್ಪ ಮೇಲಕ್ಕೆ ಹೋದಂತೆ ಕೇಳುತ್ತೆ. ಇದು ಅಗ್ಗದ ಗಿಟಾರ್‌ನ ಹಣೆಬರಹವಾ, ಸರಿ ಮಾಡಬಹುದಾ?

ಸೌಂಡ್‌ಬೋರ್ಡ್:

ಸರಿ ಮಾಡಬಹುದು. ಕೇಳುವವರು "ಅಗ್ಗದ ಗಿಟಾರ್" ಅಂತ ಗುರುತಿಸುವ ಸದ್ದು ಎಷ್ಟೋ ಸಲ ಇದೇ, ಮರದ್ದಲ್ಲ. ನಟ್‌ನ (ನೆಕ್‌ನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕಚ್ಚು ಸಾಕಷ್ಟು ಆಳವಾಗಿ ಕೊರೆದಿರುವುದಿಲ್ಲ. ಮೊದಲ ಫ್ರೆಟ್‌ನಲ್ಲಿ ಒತ್ತುವಾಗ ತಂತಿ ಹೆಚ್ಚು ಎಳೆದು ಸ್ವರ ಏರುತ್ತೆ. ತಂತಿಯನ್ನು 3ನೇ ಫ್ರೆಟ್‌ನ ಹತ್ತಿರ ಒತ್ತಿ ಹಿಡಿದು 1ನೇ ಫ್ರೆಟ್ ಮೇಲಿನ ಸಂದು ನೋಡಿ, ಒಂದು ಕೂದಲೆಳೆಯಷ್ಟಿದ್ದರೆ ಸಾಕು. ಹೆಚ್ಚಿದ್ದರೆ ನಟ್ ಫೈಲ್ ಇರುವವರ ಹತ್ತಿರ ಕೊರೆಸಿ. ಒಂದು ಗೀರು ಹೆಚ್ಚಾದರೂ ಬಿಡಿ ತಂತಿ ಜರ್ ಅನ್ನುತ್ತೆ, ಆಮೇಲೆ ಹೊಸ ನಟ್ಟೇ ಗತಿ.

ಅದಕ್ಕೂ ಮೊದಲು ನೆಕ್ ನೋಡಿ. 1ನೇ ಫ್ರೆಟ್‌ಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ 14ನೇ ಫ್ರೆಟ್‌ನಲ್ಲಿ ಒತ್ತಿದರೆ 7ನೇ ಫ್ರೆಟ್‌ನ ಹತ್ತಿರ 0.2 ಮಿ.ಮೀ. ಸಂದು ಇರಬೇಕು. ಟ್ರಸ್ ರಾಡ್ (ನೆಕ್‌ನ ಬಾಗು ಸರಿಪಡಿಸುವ ಒಳಗಿನ ಸರಳು) ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಆಮೇಲೆ 12ನೇ ಫ್ರೆಟ್ ಮೇಲೆ ತಂತಿ ಇರುವ ಎತ್ತರ, ಅಂದರೆ ಆ್ಯಕ್ಷನ್: ದಪ್ಪ ತಂತಿಗೆ 2.4, ಸಣ್ಣ ತಂತಿಗೆ 1.8 ಮಿ.ಮೀ. ಅಲ್ಲಿ 0.5 ಮಿ.ಮೀ. ಇಳಿಸಬೇಕಾದರೆ ಸ್ಯಾಡಲ್‌ನ ತಳ 1 ಮಿ.ಮೀ. ಉಜ್ಜಬೇಕು. ತಳ ಸಮತಟ್ಟಾಗಿರಲಿ, ಇಲ್ಲದಿದ್ದರೆ ಪೀಜೋದಲ್ಲಿ ಒಂದು ತಂತಿ ಜೋರು, ಒಂದು ಮೆಲ್ಲಗೆ ಬರುತ್ತೆ.

ಇಷ್ಟು ಮಾಡಿಸಿ ಹೊಸ ತಂತಿ ಹಾಕಿ ರೆಕಾರ್ಡ್ ಮಾಡಿ. ಆಮೇಲೂ ಮೈಕಿನಲ್ಲಿ ಖರ್ಜ ಸಾಲದು ಅನ್ನಿಸಿದರೆ ಎಫ್‌ಜಿ800 ತರಹದ ಸಾಲಿಡ್ ಸ್ಪ್ರೂಸ್ ಟಾಪ್‌ಗೆ ಹೋಗಿ. ಸಾಲಿಡ್ ಟಾಪ್‌ಗೆ ಗಾಳಿಯಲ್ಲಿ 45–55% ತೇವಾಂಶ ಬೇಕು. ಕಲಬುರಗಿ, ಬಳ್ಳಾರಿಯ ಬೇಸಿಗೆಯಲ್ಲಿ ಬಿರುಕು ಬಿಡಬಹುದು, ಕರಾವಳಿಯ ಮಳೆಗಾಲದಲ್ಲಿ ಟಾಪ್ ಉಬ್ಬಿ ಆ್ಯಕ್ಷನ್ ಏರುತ್ತೆ. ಕೇಸಿನಲ್ಲೊಂದು ಹೈಗ್ರೋಮೀಟರ್ ಇಡಿ. ಎಫ್310 ಮಾರಬೇಡಿ. ಲ್ಯಾಮಿನೇಟ್ ಹವೆಗೆ ಅಷ್ಟಾಗಿ ಜಗ್ಗುವುದಿಲ್ಲ, ಬಯಲು ವೇದಿಕೆಗೆ ಅದೇ ವಾಸಿ.