ಪಿತ್ರಾರ್ಜಿತ ಮೂಗು

“ಮದುವೆಗೆ ಮೊದಲು ಮೂಗು ಸರಿಮಾಡಿಸುತ್ತೇನೆ” ಎಂದು ಶೀನ ಹೇಳಿದಾಗ ರಾಯರು ಕಾಫಿ ಲೋಟವನ್ನು ಕೆಳಗಿಟ್ಟರು.

“ಖಾತೆ ಯಾರ ಹೆಸರಿನಲ್ಲಿದೆ?”

“ಯಾವುದರ ಖಾತೆ?”

“ಮೂಗಿನದು. ಅದು ನಿನ್ನ ತಾತನ ಸ್ವತ್ತು. ಭಾಗದಾರರ ಸಹಿಯಿಲ್ಲದೆ ಪಿತ್ರಾರ್ಜಿತಕ್ಕೆ ಕೈ ಹಚ್ಚುವಂತಿಲ್ಲ.”

ಶೀನ ಮೊಬೈಲ್ ಚಾಚಿದ. “ನೋಡಿ, ಎಷ್ಟು ದಪ್ಪ!”

“ಅದು ಸರ್ವೇಯವರ ತಪ್ಪು. ಒಂದಡಿ ದೂರದ ಸೆಲ್ಫಿಯಲ್ಲಿ ಮೂಗು ಸುಮಾರು ಶೇ 30ರಷ್ಟು ಹೆಚ್ಚು ಅಗಲ ಕಾಣುತ್ತದೆ. ಐದಡಿ ಆಚೆ ನಿಂತು ಅಳತೆ ಮಾಡಿಸು.”

“ಈಗ ಅದೆಲ್ಲ ಸಲೀಸು ರಾಯರೇ” ಎಂದ ಗುಂಡಣ್ಣ. “ಎರಡು ವಾರಕ್ಕೆ ಕೆಲಸಕ್ಕೆ ಹೋಗಬಹುದು.”

“ಹೋಗಬಹುದು. ಊತ ಪೂರ್ತಿ ಇಳಿಯಲು ವರ್ಷ ಬೇಕು. ಅಲ್ಲಿಯವರೆಗೆ ತಾತನದೂ ಅಲ್ಲ, ಇವನದೂ ಅಲ್ಲ, ವ್ಯಾಜ್ಯದ ಜಮೀನು. ಕೆಲವು ವಾರ ಕನ್ನಡಕ ಕೂಡ ಅಲ್ಲಿ ಕೂರುವಂತಿಲ್ಲ. ಇನ್ನು ಹೊಳ್ಳೆಗಳ ನಡುಗೋಡೆಯಲ್ಲಿ ತೂತು ಬಿದ್ದರೆ ಉಸಿರಾಡಿದಾಗಲೆಲ್ಲ ಸೀಟಿ! ಧಾರೆಯ ಹೊತ್ತಿಗೆ ಅಳಿಯ ಸೀಟಿ ಹೊಡೆದರೆ ಮಾವ ಏನೆಂದುಕೊಂಡಾರು?”

“ಎಲ್ಲರಿಗೂ ಹಾಗಾಗುವುದಿಲ್ಲ.”

“ಆಗುವುದಿಲ್ಲ, ಒಪ್ಪಿದೆ. ಆದರೆ ತೀರ್ಪು ಹಿಡಿಸದೆ ಮೇಲ್ಮನವಿಗೆ ಹೋಗುವವರಿದ್ದಾರೆ. ಎರಡನೆಯ ಸಲದ ಕೆಲಸ ಇನ್ನೂ ಕಷ್ಟ. ಮೂಗಿನಲ್ಲಿ ಮೃದ್ವಸ್ಥಿ ಸಾಲದಿದ್ದರೆ ಕಿವಿಯಿಂದಲೋ ಪಕ್ಕೆಲುಬಿನಿಂದಲೋ ತರಬೇಕು. ಮೂಗಿನ ಸಾಲಕ್ಕೆ ಕಿವಿಯ ಅಡವು!”

“ಸುಶ್ರುತನೇ ಮಾಡುತ್ತಿದ್ದನಲ್ಲ?” ಗುಂಡಣ್ಣ ಬಿಡಲಿಲ್ಲ.

“ಮೂಗು ಹೋದವರಿಗೆ. ಟಿಪ್ಪುವಿನ ಕಡೆಯವರಿಗೆ ಸಿಕ್ಕಿಬಿದ್ದು ಮೂಗು ಕಳೆದುಕೊಂಡ ಕವಾಸ್‌ಜಿಗೆ ಪುಣೆಯಲ್ಲಿ ಹಣೆಯ ಚರ್ಮ ಇಳಿಸಿ ಹೊಸ ಮೂಗು ಕಟ್ಟಿದರು. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅವನ ಚಿತ್ರ ಬಂತು. ಆತ ಎತ್ತಿನ ಗಾಡಿ ಹೊಡೆಯುವವನು, ಸೆಲ್ಫಿ ನೋಡಿ ಹೋದವನಲ್ಲ. ಉಸಿರು ಕಟ್ಟುತ್ತದೆಯೇ ಶೀನ? ಹಾಗಿದ್ದರೆ ನಾಳೆಯೇ ನಾನೂ ಜೊತೆಗೆ ಬರುತ್ತೇನೆ.”

“ಇಲ್ಲ. ಗೊರಕೆಯೂ ಇಲ್ಲ.”

“ಅದನ್ನು ನಿನ್ನ ಹೆಂಡತಿ ಹೇಳಬೇಕು.”

ಅಷ್ಟು ಹೊತ್ತು ಅವರೆಕಾಯಿ ಸುಲಿಯುತ್ತಿದ್ದ ಶೀನನ ಸೋದರತ್ತೆ ಪದ್ದಕ್ಕ ತಲೆಯೆತ್ತಿದರು. “ಶೀನ, ಸ್ವಲ್ಪ ಬೆಳಕಿನ ಕಡೆ ತಿರುಗು.”

ತಿರುಗಿದ.

“ಅಣ್ಣ ಹೋಗಿ ಆರು ವರ್ಷವಾಯಿತು” ಎಂದರು. “ಹೀಗೆ ಪಕ್ಕದಿಂದ ನೋಡಿದರೆ…” ಮಾತು ಅಲ್ಲಿಗೇ ನಿಂತಿತು. ಕೈಯಲ್ಲಿದ್ದ ಕಾಯಿ ಸುಲಿಯದೆ ಹಾಗೆಯೇ ಉಳಿಯಿತು.

ಗುಂಡಣ್ಣ ಲೋಟದ ತಳ ನೋಡಿದ. ರಾಯರು ಗಂಟಲು ಸರಿಮಾಡಿಕೊಂಡು, “2005ರಲ್ಲಿ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿಯಾದ ಮೇಲೆ ಹೆಣ್ಣುಮಕ್ಕಳಿಗೂ ಪಾಲುಂಟು ಕಣಯ್ಯ” ಎಂದರು, ಮೆಲ್ಲಗೆ.

ಶೀನ ಬೆಳಕಿನ ಕಡೆಗೇ ಮುಖ ಮಾಡಿ ಇನ್ನಷ್ಟು ಹೊತ್ತು ಕುಳಿತಿದ್ದ.