ಜನರೇಟರ್ ಓಡುತ್ತೆ, ಕರೆಂಟ್ ಬರಲ್ಲ. ಮೀಟರ್‌ನಲ್ಲಿ ಬರೀ 4 ವೋಲ್ಟ್

ಶಾಮಿಯಾನ ದಾವಣಗೆರೆ:
ನಮಸ್ಕಾರ. ನಮ್ಮದು ದಾವಣಗೆರೆಯಲ್ಲಿ ಶಾಮಿಯಾನ, ಲೈಟಿಂಗ್ ಬಾಡಿಗೆ ಅಂಗಡಿ. 5 ಕೆವಿಎ ಡೀಸೆಲ್ ಜನರೇಟರ್ ಇದೆ. ಸಿಂಗಲ್ ಫೇಸ್, ಬ್ರಶ್ (ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಕಾರ್ಬನ್ ತುಂಡು) ಇರುವ ಹಳೇ ಆಲ್ಟರ್ನೇಟರ್ (ಕರೆಂಟ್ ಹುಟ್ಟಿಸುವ ಭಾಗ), ಪ್ಲೇಟ್ ಮೇಲೆ 1500 ಆರ್‌ಪಿಎಂ ಅಂತಿದೆ. ಮಳೆ ಶುರುವಾದಾಗಿನಿಂದ ಶೆಡ್‌ನಲ್ಲೇ ನಿಂತಿತ್ತು. ನಿನ್ನೆ ಹ್ಯಾಂಡಲ್ ಹೊಡೆದ ತಕ್ಷಣ ಇಂಜಿನ್ ಎದ್ದಿತು, ಕರೆಂಟ್ ಮಾತ್ರ ಇಲ್ಲ. ಮೀಟರ್ ಇಟ್ಟರೆ 4 ವೋಲ್ಟ್. ಸ್ಪೀಡ್ ಕಮ್ಮಿ ಇರಬಹುದು ಅಂತ ಗವರ್ನರ್ ಸ್ಕ್ರೂ ಎರಡು ಸುತ್ತು ಬಿಗಿ ಮಾಡಿದೆ. 5 ವೋಲ್ಟ್ ಆಯಿತು, ಅಷ್ಟೇ. ನಾಡಿದ್ದು ಗಣಪತಿ ಪೆಂಡಾಲ್‌ಗೆ ಅಡ್ವಾನ್ಸ್ ತಗೊಂಡು ಕೂತಿದ್ದೇನೆ. ವೈಂಡಿಂಗ್ ಸುಟ್ಟಿದೆಯಾ?

ಹರಿಹರ ಬ್ಯಾಟರಿ:
ಸುಮ್ನೆ ನಿಂತರೆ ರೋಟರ್‌ನಲ್ಲಿ (ಒಳಗೆ ತಿರುಗುವ ಭಾಗದಲ್ಲಿ) ಉಳಿದಿರುವ ಮ್ಯಾಗ್ನೆಟ್ ಹೋಗುತ್ತದೆ ಬ್ರದರ್. ಬ್ರಶ್‌ಗೆ 12 ವೋಲ್ಟ್ ಬ್ಯಾಟರಿಯಿಂದ ಒಂದು ಟಚ್ ಕೊಡಿ, ಎದ್ದುಬಿಡುತ್ತದೆ.

ದುರ್ಗದ ವೈಂಡರ್:
ತಡೀರಿ. 4 ವೋಲ್ಟ್ ಬರುತ್ತಿದೆ ಅಂದರೆ ಮ್ಯಾಗ್ನೆಟ್ ಇದೆ ಅಂತಲೇ ಅರ್ಥ. ಹೋಗಿದ್ದರೆ ಸೊನ್ನೆ ತೋರಿಸಬೇಕಿತ್ತು. ಮೇನ್ ವೈಂಡಿಂಗ್ ಕಟ್ ಆಗಿದ್ದರೂ ಆ 4 ಹೊರಗೆ ಬರುತ್ತಿರಲಿಲ್ಲ.

ಈ ಥರದ ಮಿಷಿನ್‌ನಲ್ಲಿ ಸ್ಟೇಟರ್ (ತಿರುಗದೆ ನಿಂತಿರುವ ಹೊರ ಭಾಗ) ಒಳಗೆ ಬೇರೆ ಒಂದು ಸಣ್ಣ ವೈಂಡಿಂಗ್ ಇರುತ್ತದೆ. ಅದರ ಎಸಿ, ಬ್ರಿಡ್ಜ್ ಡಯೋಡ್‌ನಲ್ಲಿ ಡಿಸಿ ಆಗಿ, ಬ್ರಶ್ ದಾಟಿ ರೋಟರ್‌ಗೆ ಹೋಗುತ್ತದೆ. ಮ್ಯಾಗ್ನೆಟ್ ಏರಿದಷ್ಟು ವೋಲ್ಟೇಜ್ ಏರುತ್ತೆ, ವೋಲ್ಟೇಜ್ ಏರಿದಷ್ಟು ಮ್ಯಾಗ್ನೆಟ್ ಏರುತ್ತೆ. ಆ 4 ವೋಲ್ಟ್ ಅನ್ನೋದು ಹೆಪ್ಪು. ಹೆಪ್ಪು ಇದೆ, ಹಾಲಿಗೆ ಬೀಳುತ್ತಿಲ್ಲ.

ಇಂಜಿನ್ ನಿಲ್ಲಿಸಿ. ಬ್ರಿಡ್ಜ್‌ನಿಂದ ಬ್ರಶ್‌ಗೆ ಬರುವ ಎರಡು ವೈರ್ ಬಿಚ್ಚಿ. ಬ್ರಶ್ ಕಡೆಯ ತುದಿಗಳ ನಡುವೆ ಓಮ್ಸ್ ನೋಡಿ. ಡಿಕಂಪ್ರೆಶನ್ ಲಿವರ್ (ಇಂಜಿನ್ ಒಳಗಿನ ಒತ್ತಡ ಬಿಡುವ ಹಿಡಿ) ಎತ್ತಿ ಶಾಫ್ಟ್ ಕೈಯಲ್ಲಿ ನಿಧಾನ ತಿರುಗಿಸುತ್ತಾ ನೋಡಬೇಕು. ರೀಡಿಂಗ್ ಒಂದೇ ಕಡೆ ನಿಲ್ಲಬೇಕು. ಕುಣಿದರೆ ಬ್ರಶ್ ಸರಿಯಾಗಿ ತಾಗುತ್ತಿಲ್ಲ ಅಂತ.

ಬ್ಯಾಟರಿ ಟಚ್ ತಪ್ಪಲ್ಲ. ಆದರೆ ಬ್ರಿಡ್ಜ್ ಬಿಚ್ಚದೆ ಪ್ಲಸ್ ಮೈನಸ್ ಉಲ್ಟಾ ಕೊಟ್ಟರೆ ಡಯೋಡ್ ಅಲ್ಲೇ ಸುಡುತ್ತವೆ.

ಶಾಮಿಯಾನ ದಾವಣಗೆರೆ:
ಅಣ್ಣ, ಮೀಟರ್ ಕುಣಿಯುತ್ತಿದೆ. 20, ಆಮೇಲೆ 300, ಆಮೇಲೆ ಓಎಲ್, ಅಂದರೆ ಕನೆಕ್ಷನ್ನೇ ಇಲ್ಲ. ಬ್ರಶ್ ಬಿಚ್ಚಿದೆ. ಒಂದು ಹೋಲ್ಡರ್‌ನಲ್ಲಿ ಸಲೀಸಾಗಿ ಜಾರುತ್ತೆ. ಇನ್ನೊಂದು ಕಚ್ಚಿಕೊಂಡು ಕೂತಿತ್ತು, ಸ್ಕ್ರೂಡ್ರೈವರ್‌ನಲ್ಲಿ ಮೀಟಿ ತೆಗೆಯಬೇಕಾಯಿತು. ಸ್ಪ್ರಿಂಗ್ ಪೂರ್ತಿ ತುಕ್ಕು. ಅದರ ಕೆಳಗಿನ ಸ್ಲಿಪ್ ರಿಂಗ್ (ಬ್ರಶ್ ತಾಗುವ ಬಳೆ) ದೋಸೆ ಹೆಂಚಿನ ಹಾಗೆ ಕಪ್ಪಗಿದೆ.

ದುರ್ಗದ ವೈಂಡರ್:
ಅದೇ ಕಳ್ಳ. ಝೀರೋ ನಂಬರ್ ಸ್ಯಾಂಡ್ ಪೇಪರ್ ಪಟ್ಟಿ ಮಾಡಿ ರಿಂಗ್ ಸುತ್ತ ಹಗುರವಾಗಿ ಉಜ್ಜಿ. ಆಮೇಲೆ ಒಣ ಬಟ್ಟೆ. ಎಣ್ಣೆ, ಗ್ರೀಸ್, ಸ್ಪ್ರೇ ಏನೂ ಬೇಡ. ಎರಡೂ ಬ್ರಶ್ ಸ್ಪ್ರಿಂಗ್ ಸಮೇತ ಬದಲಾಯಿಸಿ. ಗವರ್ನರ್ ಸ್ಕ್ರೂ ಎರಡು ಸುತ್ತು ವಾಪಸ್ ತಿರುಗಿಸಿದ ಮೇಲೇ ಸ್ಟಾರ್ಟ್ ಮಾಡಿ. ಲೋಡ್ ಹಾಕಬೇಡಿ.

ಶಾಮಿಯಾನ ದಾವಣಗೆರೆ:
ಬಂತು ಅಣ್ಣ! ಆದರೆ ಸ್ಕ್ರೂ ಮಾತು ಖುಷಿಯಲ್ಲಿ ಮರೆತೆ. 262 ವೋಲ್ಟ್, 57 ಹರ್ಟ್ಜ್. ಟೆಸ್ಟ್‌ಗೆ ಹಾಕಿದ ಎರಡು ಬಲ್ಬ್ ಟಪ್ ಅಂತ ಹೋದವು.

ದುರ್ಗದ ವೈಂಡರ್:
ಆಂಪ್ಲಿಫೈಯರ್ ಉಳೀತಲ್ವಾ, ಬಿಡಿ. ನಿಮ್ಮದು 4 ಪೋಲ್ (ರೋಟರ್‌ನಲ್ಲಿ ನಾಲ್ಕು ಮ್ಯಾಗ್ನೆಟ್ ತುದಿ), 1500 ಸುತ್ತಿಗೆ 50 ಹರ್ಟ್ಜ್. 57 ಅಂದರೆ 1710 ಸುತ್ತು ಓಡುತ್ತಿದೆ. ಸ್ಕ್ರೂ ತಿರುಗಿಸುವಾಗ ವೋಲ್ಟೇಜ್ ನೋಡಬೇಡಿ, ಹರ್ಟ್ಜ್ ನೋಡಿ. ಖಾಲಿ ಓಡುವಾಗ 52ಕ್ಕೆ ನಿಲ್ಲಿಸಿ, ಲೋಡ್ ಬಿದ್ದಾಗ 50ರ ಹತ್ತಿರ ಬರುತ್ತದೆ.

50 ಅನ್ನೋದು ಬ್ರಹ್ಮ ಬರೆದದ್ದೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ಕರೆಂಟ್ 25 ಸೈಕಲ್‌ದು, ಅಂದರೆ 25 ಹರ್ಟ್ಜ್. ಆದರೆ ನಿಮ್ಮ ಫ್ಯಾನು, ಆಂಪ್ಲಿಫೈಯರ್ ಟ್ರಾನ್ಸ್‌ಫಾರ್ಮರ್ ಎಲ್ಲ 50ಕ್ಕೆ ಮಾಡಿದ್ದು.

ಶಾಮಿಯಾನ ದಾವಣಗೆರೆ:
52ಕ್ಕೆ ಇಳಿಸಿದೆ, 236 ವೋಲ್ಟ್. ಇನ್ನೊಂದು ಮಾತು. ಕರೆಂಟ್ ಹೋದರೆ ಪಕ್ಕದ ಮನೆಗೂ ಲೈನ್ ಕೊಡಿ ಅಂತಾರೆ. ಎರಡೂ ಕಡೆ ಪಿನ್ ಇರುವ ವೈರ್ ಸಾಕಲ್ವಾ?

ದುರ್ಗದ ವೈಂಡರ್:
ಆ ವೈರ್ ಇದ್ದರೆ ಈಗಲೇ ಕತ್ತರಿಸಿ ಹಾಕಿ. ಮನೆಯ ಮೇನ್ ಆಫ್ ಮಾಡೋದು ಮರೆತರೆ ನಿಮ್ಮ 230 ವೋಲ್ಟ್ ಬೀದಿ ಟ್ರಾನ್ಸ್‌ಫಾರ್ಮರ್‌ಗೆ ಹಿಂದಕ್ಕೆ ಹೋಗಿ, ಆ ಕಡೆ 11,000 ಆಗಬಹುದು. ಲೈನ್ ಸತ್ತಿದೆ ಅಂತ ಕಂಬ ಹತ್ತಿದ ಬೆಸ್ಕಾಂ ಲೈನ್‌ಮನ್ ಗತಿ ಏನು? ಚೇಂಜ್‌ಓವರ್ ಸ್ವಿಚ್ (ಒಂದು ಸಲಕ್ಕೆ ಬೆಸ್ಕಾಂ ಲೈನ್ ಇಲ್ಲವೇ ಜನರೇಟರ್, ಒಂದನ್ನೇ ಜೋಡಿಸುವ ಸ್ವಿಚ್) ಇಲ್ಲದೆ ಯಾರ ಮನೆಗೂ ಕೊಡಬೇಡಿ.

ಶಾಮಿಯಾನ ದಾವಣಗೆರೆ:
ಕತ್ತರಿಸಿದೆ ಅಣ್ಣ. ಮನೆಗೆ ಲೈನ್ ಇಲ್ಲ, ಪೆಂಡಾಲ್‌ಗೆ ಮಾತ್ರ ಅಂತ ಕಮಿಟಿಯವರಿಗೆ ಹೇಳಿಬಂದೆ.