ಹದಿನಾಲ್ಕು ವರ್ಷ ನಿಂತ ಅಂಬಾಸಿಡರ್: ಕಡಿಮೆ ಖರ್ಚಿನಲ್ಲಿ ಇಂಜಿನ್ ಬಿಚ್ಚಿ ಕಟ್ಟಿಸಬಹುದೇ?

ಪ್ರಶ್ನೆ: ಭತ್ತದಕಣಜ, ಗಂಗಾವತಿ

ಮಾನ್ಯರೇ,

ನಮ್ಮ ತಾತನವರು 1984ರಲ್ಲಿ ಕೊಂಡ ಮಾರ್ಕ್ 4 ಪೆಟ್ರೋಲ್ ಅಂಬಾಸಿಡರ್ ಕಾರು ನಮ್ಮ ಹಳೆಯ ಅಕ್ಕಿ ಗಿರಣಿಯ ಗೋದಾಮಿನಲ್ಲಿ ಹದಿನಾಲ್ಕು ವರ್ಷಗಳಿಂದ ನಿಂತಿದೆ. ಕೊಂಡಾಗ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲೇ ಇತ್ತು. ತಗಡಿನ ಸೂರು ಇದ್ದುದರಿಂದ ಮಳೆಯ ನೀರು ಬಿದ್ದಿಲ್ಲ, ಆದರೆ ಭತ್ತದ ಹೊಟ್ಟಿನ ಧೂಳು ಬಾನೆಟ್ಟಿನ ಒಳಗೂ ಒಂದು ಅಂಗುಲ ಕೂತಿತ್ತು, ಏರ್ ಕ್ಲೀನರಿನ ಡಬ್ಬಿಯಲ್ಲಿ ಇಲಿಗಳು ಸಂಸಾರ ಹೂಡಿದ್ದವು. ಮೈ ಗಟ್ಟಿಯಾಗಿದೆ, ನೆಲದ ತಗಡು ಎರಡು ಕಡೆ ಮಾತ್ರ ತೂತು ಬಿದ್ದಿದೆ. ತೊಂದರೆ ಇಂಜಿನ್ನಿನದು. ಮುಂದಿನ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಲು ನೋಡಿದರೆ ಅದು ಕೂದಲೆಳೆಯಷ್ಟೂ ಅಲುಗುವುದಿಲ್ಲ.

ನಿಲ್ಲಿಸುವುದಕ್ಕೆ ಮುಂಚಿನ ಒಂದೆರಡು ವರ್ಷದ ಲಕ್ಷಣಗಳು ನನಗೆ ನೆನಪಿವೆ. ಹೊಸಪೇಟೆಗೆ ಹೋಗಿ ಬರುವಷ್ಟರಲ್ಲಿ ಎರಡು ಸಲ ರೇಡಿಯೇಟರಿಗೆ ನೀರು ಹಾಕಬೇಕಾಗುತ್ತಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಒಮ್ಮೆ ದಪ್ಪಗೆ ಬಂದು, ಆಮೇಲೆ ತಿಳಿಯಾಗುತ್ತಿತ್ತು. ದಾರಿಯಲ್ಲಿ ಓಡುವಾಗ ಹೊಗೆ ಕಂಡ ನೆನಪಿಲ್ಲ.

ಊರಿನ ಒಬ್ಬ ಮೇಸ್ತ್ರಿ ಈ ಇಂಜಿನ್ನನ್ನು ಗುಜರಿಗೆ ಹಾಕಿ ಬೇರೆ ಗಾಡಿಯ ಡೀಸೆಲ್ ಇಂಜಿನ್ ಕೂಡಿಸೋಣ ಎಂದರು. ಇನ್ನೊಬ್ಬರು ಪಿಸ್ಟನ್, ಬೇರಿಂಗ್, ವಾಲ್ವ್, ಕ್ಯಾಮ್ (ವಾಲ್ವ್‌ಗಳನ್ನು ತೆರೆಸುವ ಉಬ್ಬುಗಳ ದಂಡ) ಎಲ್ಲ ಹೊಸದು ಹಾಕಬೇಕೆಂದು ಒಂದು ಲಕ್ಷದ ಇಪ್ಪತ್ತು ಸಾವಿರದ ಲೆಕ್ಕ ಬರೆದುಕೊಟ್ಟರು, ಆದರೆ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಬಿಚ್ಚಿ ನೋಡಲಿಲ್ಲ. ಇಂಜಿನ್ನಿಗೆಂದು ನಾನು ತೆಗೆದಿಟ್ಟಿರುವುದು ನಲವತ್ತೈದು ಸಾವಿರ. ಬಿಚ್ಚುವ, ತೊಳೆಯುವ, ಕೂಡಿಸುವ ಕೆಲಸವನ್ನು ಸ್ವತಃ ಮಾಡಲು ಸಿದ್ಧನಿದ್ದೇನೆ. ಗಿರಣಿಯ ಆಯಿಲ್ ಇಂಜಿನ್ ಬಿಚ್ಚಿ ಕಟ್ಟಿದ ಅನುಭವ ಇದೆ, ಕಾರಿನದಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ 1: ಬೋರಿಂಗ್‌ಬಾರ್, ಬಳ್ಳಾರಿ

ಲೇತ್ ಮತ್ತು ಬೋರಿಂಗ್ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವನಾಗಿ ಹೇಳುತ್ತೇನೆ, ಬಿಚ್ಚದೆ ಬರೆದುಕೊಟ್ಟ ಲೆಕ್ಕವನ್ನು ಪಕ್ಕಕ್ಕಿಡಿ. ನಿಮ್ಮ ಕಾರಿನಲ್ಲಿರುವುದು ಮೂಲತಃ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್ ಇಂಜಿನ್: 1489 ಸಿ.ಸಿ., ಬೋರ್ (ಸಿಲಿಂಡರಿನ ಒಳವ್ಯಾಸ) 73.025 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 88.9 ಮಿ.ಮೀ., ಬ್ಲಾಕು ಮತ್ತು ಹೆಡ್ಡು ಎರಡೂ ಎರಕದ ಕಬ್ಬಿಣ. ಮೊದಲ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿ ಕೂತದ್ದೂ ಇದೇ ಅಳತೆಯ ಇಂಜಿನ್. ಮತ್ತೆ ಮತ್ತೆ ಬೋರ್ ಹೊಡೆಸಿ ಬಳಸಲಿ ಎಂದೇ ಇದನ್ನು ಮಾಡಿದ್ದಾರೆ, 10, 20, 30, 40 ಥೌ ಓವರ್‌ಸೈಜ್ ಪಿಸ್ಟನ್‌ಗಳು ಬರುತ್ತವೆ (ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ). ಇದನ್ನು ಗುಜರಿಗೆ ಹಾಕಿಸುವವರ ಮಾತು ಕೇಳಬೇಡಿ.

ಮೊದಲು ಜಾಮ್ ಬಿಡಿಸಬೇಕು. ಇಲ್ಲಿ ಅವಸರ ಮಾಡಿದವರೇ ಪಿಸ್ಟನ್ ಒಡೆದುಕೊಳ್ಳುವುದು. ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದು, ಒಂದು ಪಾಲು ಡೀಸೆಲಿಗೆ ಒಂದು ಪಾಲು ಪವರ್ ಸ್ಟೀರಿಂಗಿಗೆ ಹಾಕುವ ಎಟಿಎಫ್ ಎಣ್ಣೆ ಬೆರೆಸಿ, ಪ್ರತಿ ಸಿಲಿಂಡರಿಗೂ ಅರ್ಧ ಲೋಟ ಬಿಟ್ಟು ಒಂದು ವಾರ ಹಾಗೇ ಇಡಿ, ದಿನಾ ಸ್ವಲ್ಪ ಸ್ವಲ್ಪ ಸೇರಿಸುತ್ತಿರಿ. ಅಷ್ಟರಲ್ಲಿ ರಾಕರ್ ಕವರ್ ತೆಗೆದು ಎಂಟು ವಾಲ್ವ್‌ಗಳ ಸ್ಪ್ರಿಂಗುಗಳ ಎತ್ತರ ನೋಡಿ. ಯಾವುದಾದರೂ ಕೆಳಗೇ ಕೂತಿದ್ದರೆ ಆ ವಾಲ್ವ್ ಗೈಡಿನಲ್ಲಿ (ವಾಲ್ವಿನ ಕಡ್ಡಿ ಜಾರುವ ಕೊಳವೆ) ಹಿಡಿದಿದೆ ಎಂದರ್ಥ. ಅದನ್ನು ಹಾಗೇ ಬಿಟ್ಟು ಇಂಜಿನ್ ತಿರುಗಿಸಿದರೆ ಪುಶ್ ರಾಡ್ (ಕ್ಯಾಮಿನಿಂದ ರಾಕರನ್ನು ತಳ್ಳುವ ಕಡ್ಡಿ) ಬಗ್ಗುತ್ತದೆ, ಆದ್ದರಿಂದ ರಾಕರ್ ಶಾಫ್ಟನ್ನೇ ಬಿಚ್ಚಿಟ್ಟುಬಿಡಿ. ಒಂದು ವಾರದ ಮೇಲೆ ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಇಬ್ಬರು ಹಿಂದೆ, ಇಬ್ಬರು ಮುಂದೆ ನಿಂತು ತೊಟ್ಟಿಲು ತೂಗಿದಂತೆ ಮೆಲ್ಲಗೆ ಅತ್ತಿತ್ತ ತೂಗಬೇಕು. ಸೆಲ್ಫ್ ಹೊಡೆಯಲೇ ಬಾರದು, ಉದ್ದನೆಯ ಪೈಪ್ ಸಿಕ್ಕಿಸಿ ಜಗ್ಗಲೂ ಬಾರದು. ಎರಡು ವಾರವಾದರೂ ಬಿಡದಿದ್ದರೆ ಹೆಡ್ ಬಿಚ್ಚಿ ಮೇಲಿನಿಂದ ನೋಡುವುದೇ ಸರಿ.

ಇಂಜಿನ್ ಬಿಚ್ಚಿದ ಮೇಲೆ ಅಳತೆಗೆ ಖರ್ಚು ಮಾಡಿ, ಉಳಿತಾಯ ಅಲ್ಲೇ ಇದೆ. ಬೋರ್ ಗೇಜಿನಲ್ಲಿ ಪ್ರತಿ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಪ್ರತಿ ಜಾಗದಲ್ಲೂ ಎರಡು ದಿಕ್ಕಿನಲ್ಲಿ ಅಳೆಸಿ, ಆರು ಅಂಕಿಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಮೇಲಿನ ರಿಂಗ್ ತಿರುಗಿ ಬರುವ ಜಾಗದಲ್ಲೇ ಸವೆತ ಹೆಚ್ಚು. ಅಲ್ಲಿ ಸವೆದದ್ದು ಐದು ಥೌ ಒಳಗಿದ್ದರೆ ಹೋನಿಂಗ್ (ಬೋರಿನ ಒಳಗೋಡೆಯನ್ನು ಕಲ್ಲಿನಿಂದ ಹಗುರಾಗಿ ಉಜ್ಜುವುದು) ಮಾಡಿಸಿ, ಹಳೆಯ ಪಿಸ್ಟನ್ನಿಗೆ ಹೊಸ ರಿಂಗ್ ಹಾಕಿದರೆ ಮನೆಬಳಕೆಯ ಗಾಡಿಗೆ ಸಾಕು. ಎಂಟು ಥೌ ದಾಟಿದ್ದರೆ ಬೋರಿಂಗೇ ಆಗಬೇಕು. ನಡುವಿನದ್ದಕ್ಕೆ ಪಿಸ್ಟನ್ ಸ್ಕರ್ಟಿನ (ಪಿಸ್ಟನ್ನಿನ ಕೆಳಭಾಗ) ಸ್ಥಿತಿ ನೋಡಿ ಹೇಳಬೇಕಾಗುತ್ತದೆ. ಕ್ರ್ಯಾಂಕಿನ ಜರ್ನಲ್‌ಗಳನ್ನೂ (ಬೇರಿಂಗಿನಲ್ಲಿ ತಿರುಗುವ ಭಾಗಗಳು) ಮೈಕ್ರೋಮೀಟರಿನಲ್ಲಿ ಎರಡು ದಿಕ್ಕಿನಲ್ಲಿ ಅಳೆಸಿ. ಅಂಡಾಕಾರ ಒಂದೂವರೆ ಥೌ ಮೀರಿರದೆ, ಉಗುರಿಗೆ ಸಿಗುವ ಗೀರು ಇಲ್ಲದಿದ್ದರೆ ಪಾಲಿಶ್ ಮಾಡಿಸಿ ಅದೇ ಅಳತೆಯ ಹೊಸ ಶೆಲ್ ಬೇರಿಂಗ್ ಹಾಕಿ. ಬೇರಿಂಗ್ ಮಾತ್ರ ಹಳೆಯದನ್ನು ಮತ್ತೆ ಹಾಕಬೇಡಿ, ಎಷ್ಟೇ ಹೊಳೆಯುತ್ತಿರಲಿ.

ನಿಮ್ಮ ಹೊಗೆಯ ವಿವರಣೆ ಕೇಳಿದರೆ ನನಗೆ ಆಸೆ ಹುಟ್ಟುತ್ತದೆ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಮಾತ್ರ ನೀಲಿ ಹೊಗೆ ಬರುವುದು ರಾತ್ರಿಯೆಲ್ಲ ವಾಲ್ವ್ ಗೈಡಿನಿಂದ ಎಣ್ಣೆ ಜಿನುಗಿದ ಗುರುತು. ರಿಂಗ್ ಹೋಗಿದ್ದರೆ ಏರು ಹತ್ತುವಾಗಲೂ ಹೊಗೆ ಕಾರುತ್ತಿತ್ತು.

ಉತ್ತರ 2: ಹತ್ತಿಹೂವು, ಸಿಂಧನೂರು

ನನ್ನ ಬಳಿಯೂ 1988ರ ಪೆಟ್ರೋಲ್ ಅಂಬಾಸಿಡರ್ ಇದೆ. ಎಂಟು ವರ್ಷದ ಹಿಂದೆ ನಾನು ಅಳೆಯದೆ ಪೂರ್ತಿ ಕಿಟ್ ಹಾಕಿಸಿದೆ. ಹಳೆಯ ಕ್ಯಾಮ್ ಚೆನ್ನಾಗಿತ್ತು, ಅದನ್ನೂ ಬದಲಿಸಿದರು, ಹೊಸ ಕ್ಯಾಮಿನ ಲೋಬು (ಉಬ್ಬು) ಎರಡು ಸಾವಿರ ಕಿಲೋಮೀಟರಿಗೇ ತೇಯ್ದುಹೋಯಿತು. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿ, ಅಲ್ಲಿ ಸಿಗದ್ದಕ್ಕೆ ಕೋಲ್ಕತ್ತಾದ ಮಲ್ಲಿಕ್ ಬಜಾರಿನ ವರ್ತಕರು ಪಾರ್ಸೆಲ್ ಕಳಿಸುತ್ತಾರೆ. ಗ್ಯಾಸ್ಕೆಟ್ ಸೆಟ್ ಕೊಳ್ಳುವಾಗ ಹೆಡ್ ಗ್ಯಾಸ್ಕೆಟ್ ಮಾತ್ರ ಒಳ್ಳೆಯದನ್ನು ಬೇರೆಯಾಗಿ ತರಿಸಿ.

ಬಿಸಿಯಾಗುವ ವಿಚಾರಕ್ಕೆ ನಮ್ಮ ಕಡೆ ಎಲ್ಲರೂ ಮಾಡುವಂತೆ ಥರ್ಮೋಸ್ಟ್ಯಾಟ್ (ಇಂಜಿನ್ ಬಿಸಿಯೇರುವವರೆಗೆ ರೇಡಿಯೇಟರಿನ ನೀರನ್ನು ತಡೆಯುವ ಕವಾಟ) ತೆಗೆದು ಬಿಸಾಡಿ. ನಮ್ಮ ಬಿಸಿಲಿಗೆ ಅದರ ಅಗತ್ಯವಿಲ್ಲ.

ಉತ್ತರ 3: ಹಳೆಫೋರ್‌ಮನ್, ರಾಯಚೂರು

ಸಿಂಧನೂರಿನ ಗೆಳೆಯರ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ನಾನು ಕೆಲಸ ಮಾಡಿದ ವರ್ಕ್‌ಶಾಪಿಗೆ ಥರ್ಮೋಸ್ಟ್ಯಾಟ್ ಇಲ್ಲದೆ ಬಂದು ಬಿಸಿಯಾಗುತ್ತಲೇ ಇದ್ದ ಗಾಡಿಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಥರ್ಮೋಸ್ಟ್ಯಾಟ್ ಇಲ್ಲದ ಇಂಜಿನ್ ಚಳಿಗಾಲದ ಬೆಳಗುಗಳಲ್ಲಿ ಬೇಗ ಬಿಸಿಯೇರದೆ, ಪೆಟ್ರೋಲ್ ಸಿಲಿಂಡರಿನ ಗೋಡೆಗೆ ಇಳಿದು ಎಣ್ಣೆಯ ಪೊರೆಯನ್ನು ತೊಳೆದು, ಬೋರನ್ನು ಬೇಗ ಸವೆಸುತ್ತದೆ. ಬಿಸಿಯಾಗುವುದಕ್ಕೆ ನಮ್ಮ ಕಡೆಯ ನಿಜವಾದ ಕಾರಣ ಬೋರ್‌ವೆಲ್ ನೀರು. ಮನೆಯ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಹಕ್ಕಳೆ ಬ್ಲಾಕಿನ ನೀರಿನ ದಾರಿಗಳಲ್ಲೂ ಕಟ್ಟುತ್ತದೆ, ಅದರ ಜೊತೆ ತುಕ್ಕು ಕೆಸರಾಗಿ ಹಿಂದಿನ ಸಿಲಿಂಡರಿನ ಸುತ್ತ ಕೂರುತ್ತದೆ. ಬ್ಲಾಕಿನ ಪಕ್ಕದ ಕೋರ್ ಪ್ಲಗ್‌ಗಳನ್ನು (ಬಟ್ಟಲಿನಂಥ ತಗಡಿನ ಮುಚ್ಚಳಗಳು) ತೆಗೆಸಿ, ಒಳಗೆ ಗಟ್ಟಿ ತಂತಿ ಆಡಿಸಿ ಕೆಸರನ್ನು ಕೆದಕಿ ಹೊರಹಾಕಿ. ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು ಬಿಸಿ ನೀರಿಗೆ ಕರಗಿಸಿ ರಾತ್ರಿಯಿಡೀ ತುಂಬಿಟ್ಟು, ಬೆಳಿಗ್ಗೆ ಅಡಿಗೆ ಸೋಡಾದ ನೀರಿನಲ್ಲಿ ತೊಳೆಯಬೇಕು. ನಾನು ಒಂದು ಬ್ಲಾಕಿನಿಂದ ಹೀಗೆ ಅರ್ಧ ಬಕೆಟ್ ಕೆಂಪು ಕೆಸರು ತೆಗೆದಿದ್ದೇನೆ. ಹೊಸ ಕೋರ್ ಪ್ಲಗ್‌ಗಳಿಗೆ ಆಗುವ ಖರ್ಚು ಒಂದು ಊಟದಷ್ಟು. ಮುಂದೆ ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್) ಮತ್ತು ಕೂಲಂಟ್ ಬಿಟ್ಟು ಬೇರೇನೂ ಹಾಕಬೇಡಿ.

ಹೆಡ್ಡಿನ ಕೆಲಸದಲ್ಲಿ ಜಿಪುಣತನ ಬೇಡ. ಗೈಡ್ ಬದಲಿಸಿ, ವಾಲ್ವ್ ಮತ್ತು ಸೀಟು ಗ್ರೈಂಡ್ ಮಾಡಿಸಿ, ಹೆಡ್ಡಿನ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಿ. ಎರಕದ ಕಬ್ಬಿಣದ ಹೆಡ್ಡು ಅಲ್ಯೂಮಿನಿಯಮ್ಮಿನಂತೆ ಸುಲಭವಾಗಿ ಬಾಗುವುದಿಲ್ಲ, ಬಾಗಿರದಿದ್ದರೆ ಫೇಸಿಂಗ್ (ಮುಖ ಕೆತ್ತಿ ಸಮ ಮಾಡುವುದು) ಹೊಡೆಸಬೇಡಿ, ಲೇತಿನವರು ರೂಢಿಯ ಮೇಲೆ ಹೊಡೆಯಲು ನೋಡುತ್ತಾರೆ. 2000ದಲ್ಲಿ ದೇಶದಲ್ಲೆಲ್ಲ ಸೀಸದ ಪೆಟ್ರೋಲ್ ನಿಂತ ಮೇಲೆ ಈ ಇಂಜಿನ್ನಿನ ಮೆತ್ತನೆಯ ಎಕ್ಸಾಸ್ಟ್ ಸೀಟುಗಳು ನಿಧಾನವಾಗಿ ಒಳಗೆ ಕೂರುತ್ತವೆ. ಗಟ್ಟಿ ಸೀಟು ಕೂಡಿಸಿದರೆ ಒಳ್ಳೆಯದು, ಆದರೆ ವಾರಕ್ಕೊಮ್ಮೆ ಊರ ಸುತ್ತ ಓಡಿಸುವ ಗಾಡಿಗೆ ಆ ಖರ್ಚು ಬೇಕಿಲ್ಲ, ಎರಡು ಸಾವಿರ ಕಿಲೋಮೀಟರಿಗೊಮ್ಮೆ ಟ್ಯಾಪೆಟ್ ಸಂದು (ರಾಕರಿಗೂ ವಾಲ್ವಿನ ತುದಿಗೂ ನಡುವಿನ ಅಂತರ) ನೋಡಿಕೊಂಡರೆ ಸಾಕು. ಸಂದು ಕಡಿಮೆಯಾಗುತ್ತಾ ಬಂದರೆ ಸೀಟು ಒಳಗೆ ಹೋಗುತ್ತಿದೆ.

ಟ್ಯಾಪೆಟ್ ಹೊಂದಿಸಲು ಒಂಬತ್ತರ ಲೆಕ್ಕ ಕಲಿತುಕೊಳ್ಳಿ. ಮುಂದಿನಿಂದ ಎಣಿಸಿ ಎಂಟನೆಯ ವಾಲ್ವ್ ಪೂರ್ತಿ ತೆರೆದಿದ್ದಾಗ ಒಂದನೆಯದನ್ನು ಹೊಂದಿಸಬೇಕು, ಆರನೆಯದು ತೆರೆದಿದ್ದಾಗ ಮೂರನೆಯದನ್ನು. ಎರಡರ ಮೊತ್ತ ಯಾವಾಗಲೂ ಒಂಬತ್ತು. ಕ್ಯಾಮ್ ಫಾಲೋವರ್‌ಗಳನ್ನು (ಕ್ಯಾಮಿನ ಲೋಬಿಗೂ ಪುಶ್ ರಾಡಿಗೂ ನಡುವಿನ ಬಟ್ಟಲುಗಳು) ಮೊಟ್ಟೆಯ ಟ್ರೇಯಲ್ಲಿ ಎಂಟು ಗುಳಿಗೆ ಅಂಕಿ ಬರೆದು ಇಟ್ಟುಕೊಳ್ಳಿ. ತಾನು ಸವೆದ ಲೋಬಿನ ಮೇಲೇ ಪ್ರತಿಯೊಂದೂ ಮತ್ತೆ ಕೂರಬೇಕು, ಅದಲು ಬದಲಾದರೆ ಗೆಳೆಯರ ಕ್ಯಾಮಿಗೆ ಆದ ಗತಿಯೇ ಆಗುತ್ತದೆ.

ಪೆಟ್ರೋಲಿನ ದಾರಿಯನ್ನೂ ಮರೆಯಬೇಡಿ. ಹದಿನಾಲ್ಕು ವರ್ಷದ ಪೆಟ್ರೋಲ್ ಟ್ಯಾಂಕಿನಲ್ಲಿ ಅಂಟಾಗಿರುತ್ತದೆ, ಟ್ಯಾಂಕ್ ಇಳಿಸಿ, ಒಂದು ಹಿಡಿ ಸಣ್ಣ ನಟ್ಟುಗಳನ್ನು ಹಾಕಿ ಅಲುಗಾಡಿಸಿ ತೊಳೆಯಿರಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪು ಮತ್ತು ಪಂಪಿನ ಡಯಾಫ್ರಾಮ್ ಮೆತ್ತಗಾಗುತ್ತವೆ, ಅವೆರಡನ್ನೂ ಎಥನಾಲ್ ತಡೆಯುವ ಜಾತಿಯವಕ್ಕೆ ಬದಲಿಸಿ. ಇನ್ನೊಂದು ಮಾತು, ಹಿಂದಿನ ಮೇನ್ ಬೇರಿಂಗಿನ ಹತ್ತಿರ ಎಣ್ಣೆ ತೊಟ್ಟಿಕ್ಕಿದರೆ ಗಾಬರಿಯಾಗಬೇಡಿ. ಅಲ್ಲಿ ಸೀಲ್ ಇಲ್ಲ, ಎಣ್ಣೆಯನ್ನು ಹಿಂದಕ್ಕೆ ತಿರುಗಿಸುವ ಸುರುಳಿ ಗೀರು ಮಾತ್ರ ಇದೆ. ದಿನಕ್ಕೆ ನಾಲ್ಕು ಹನಿ ಬಿದ್ದರೆ ಗಾಡಿ ಆರೋಗ್ಯವಾಗಿದೆ ಎಂದುಕೊಳ್ಳಿ.

ಪ್ರಶ್ನೆ ಕೇಳಿದವರಿಂದ: ಭತ್ತದಕಣಜ, ಗಂಗಾವತಿ

ಹಿರಿಯರೆಲ್ಲರಿಗೂ ನಮಸ್ಕಾರ. ಒಂಬತ್ತನೆಯ ದಿನ ಇಂಜಿನ್ ಬಿಟ್ಟುಕೊಂಡಿತು. ಟಾಪ್ ಗೇರಿನಲ್ಲಿ ತೂಗುವಾಗ ಟಕ್ ಎಂದ ಸದ್ದು ಕೇಳಿ ಏನೋ ಮುರಿಯಿತೆಂದೇ ತಿಳಿದಿದ್ದೆವು. ಈಗ ಇಂಜಿನ್ ಪೂರ್ತಿ ಬಿಚ್ಚಿ, ಬ್ಲಾಕನ್ನೂ ಕ್ರ್ಯಾಂಕನ್ನೂ ಬಳ್ಳಾರಿಗೆ ಒಯ್ದು ಅಳೆಸಿದ್ದೇನೆ. ಬೋರ್ ಇನ್ನೂ ಸ್ಟ್ಯಾಂಡರ್ಡ್ ಅಳತೆಯಲ್ಲೇ ಇದೆ. ಒಂದು, ಎರಡು, ಮೂರನೆಯ ಸಿಲಿಂಡರುಗಳು ಮೇಲ್ಭಾಗದಲ್ಲಿ ಮೂರರಿಂದ ನಾಲ್ಕು ಥೌ ಸವೆದಿವೆ. ಕ್ರ್ಯಾಂಕಿಗೆ ಪಾಲಿಶ್ ಸಾಕೆಂದರು.

ನಾಲ್ಕನೆಯದು ಮಾತ್ರ ಕೆಟ್ಟಿದೆ. ಅದರ ಇನ್‌ಲೆಟ್ ವಾಲ್ವ್ ತೆರೆದೇ ನಿಂತಿದ್ದರಿಂದ ತೇವ ಒಳಗಿಳಿದು, ಬೋರಿನ ಒಂದು ಮಗ್ಗುಲಿಗೆ ಸಿಡುಬಿನ ಕಲೆಯಂತೆ ತುಕ್ಕಿನ ಗುಳಿಗಳು ಬಿದ್ದಿವೆ, ಹೋನಿಂಗಿನಲ್ಲಿ ಹೋಗುವುದಿಲ್ಲ. ನಾಲ್ಕಕ್ಕೂ 20 ಥೌ ಬೋರ್ ಹೊಡೆಸಿ ಹೊಸ ಪಿಸ್ಟನ್ ಸೆಟ್ ಹಾಕಿದರೆ ನನ್ನ ಲೆಕ್ಕ ತಪ್ಪುತ್ತದೆ. ಒಂದು ಸಿಲಿಂಡರಿಗಾಗಿ ಮೂರನ್ನು ಕೊರೆಯಲು ಮನಸ್ಸೂ ಬರುತ್ತಿಲ್ಲ.

ಉತ್ತರ 4: ಬೋರಿಂಗ್‌ಬಾರ್, ಬಳ್ಳಾರಿ

ಕೊರೆಯಬೇಕಿಲ್ಲ. ನಾಲ್ಕನೆಯದಕ್ಕೆ ಮಾತ್ರ ಸ್ಲೀವ್ ಹೊಡೆಸಿ. ಆ ಒಂದು ಸಿಲಿಂಡರನ್ನು ದೊಡ್ಡದಾಗಿ ಕೊರೆದು, ಎರಕದ ಕಬ್ಬಿಣದ ಕೊಳವೆಯನ್ನು ಪ್ರೆಸ್ಸಿನಲ್ಲಿ ಕೂರಿಸಿ, ಅದರ ಒಳಗನ್ನು ಮತ್ತೆ 73.025 ಮಿ.ಮೀ. ಸ್ಟ್ಯಾಂಡರ್ಡ್ ಅಳತೆಗೆ ತರುತ್ತಾರೆ. ಲಾರಿ, ಟಿಪ್ಪರ್ ಇಂಜಿನ್‌ಗಳಿಗೆ ಬಳ್ಳಾರಿಯಲ್ಲಿ ಇದು ನಿತ್ಯದ ಕೆಲಸ. ಉಳಿದ ಮೂರಕ್ಕೆ ಹೋನಿಂಗ್, ನಾಲ್ಕಕ್ಕೂ ಹೊಸ ಸ್ಟ್ಯಾಂಡರ್ಡ್ ರಿಂಗ್.

ಎರಡು ಎಚ್ಚರಿಕೆಗಳಿವೆ. ಸ್ಲೀವ್ ಕೂತ ಮೇಲೆ ಅದರ ಮೇಲಂಚು ಬ್ಲಾಕಿನ ಮುಖಕ್ಕೆ ಸಮವಾಗಿರಬೇಕು, ಕೂದಲೆಳೆಯಷ್ಟು ಎದ್ದಿದ್ದರೂ ಹೆಡ್ ಗ್ಯಾಸ್ಕೆಟ್ ಅಲ್ಲೇ ಊದುತ್ತದೆ. ಸ್ಲೀವ್ ಹೊಡೆಯುವಾಗ ಪಕ್ಕದ ಮೂರನೆಯ ಬೋರ್ ಕೂಡ ಒಂದು ಎಳೆ ಬಿಗಿಯಬಹುದು, ಆದ್ದರಿಂದ ಹೋನಿಂಗನ್ನು ಸ್ಲೀವ್ ಕೂತ ಮೇಲೆ ಮಾಡಿಸಿ, ಮೊದಲಲ್ಲ. ನಾಲ್ಕನೆಯ ಪಿಸ್ಟನ್ ಸ್ಕರ್ಟಿನಲ್ಲಿ ಗೀರು ಇದ್ದು ಹೊಸದು ತರುವುದಾದರೆ, ಹಳೆಯ ಪಿಸ್ಟನ್‌ಗಳಲ್ಲಿ ಒಂದನ್ನು ಜೊತೆಗೆ ಒಯ್ದು ಅಕ್ಕಸಾಲಿಗನ ತಕ್ಕಡಿಯಲ್ಲಿ ಎರಡನ್ನೂ ತೂಗಿಸಿ. ಮೂರು ನಾಲ್ಕು ಗ್ರಾಂ ಮೀರಿ ವ್ಯತ್ಯಾಸವಿದ್ದರೆ ಹೊಸದರ ಒಳಗಿನ ಅಂಚನ್ನು ಉಜ್ಜಿ ಸಮ ಮಾಡಿಕೊಡುತ್ತಾರೆ.

ಬ್ಲಾಕನ್ನು ಲೇತಿಗೆ ಕೊಡುವ ಮುಂಚೆ ಫೋರ್‌ಮನ್ ಅವರು ಹೇಳಿದ ಕೋರ್ ಪ್ಲಗ್ ತೆಗೆಸಿ, ನಾಲ್ಕನೆಯ ಸಿಲಿಂಡರಿನ ಹಿಂದಿನ ಕೆಸರು ಎಷ್ಟಿತ್ತೆಂದು ಇಲ್ಲಿ ತಿಳಿಸಿ.